ತಂತಿಯ ತುದಿಯಲ್ಲಿ ಎಷ್ಟು ಉಳಿಯುತ್ತದೆ? – ಎಚ್ಚರಿಕೆಯ ಗಂಟೆಗಳಿಗೆ ವಿದ್ಯುತ್ ಪೂರೈಕೆ

(ಮಳೆಗಾಲಕ್ಕೆ ಮುನ್ನ ನಡೆದ ಗ್ರಾಮ ಸುರಕ್ಷತಾ ಶಿಬಿರದಲ್ಲಿ ನೀಡಿದ ಉಪನ್ಯಾಸದ ಬರಹರೂಪ)



2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಕುಸಿದವು. 2020ರ ಆಗಸ್ಟ್‌ನಲ್ಲಿ ತಲಕಾವೇರಿಯ ಬ್ರಹ್ಮಗಿರಿ ಜರಿಯಿತು. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಮೇಲೆಯೇ ಗುಡ್ಡ ಬಿತ್ತು. ಅದೇ ತಿಂಗಳ 30ರಂದು, ಜನ ನಿದ್ರೆಯಲ್ಲಿದ್ದ ಹೊತ್ತಿನಲ್ಲಿ, ನೆರೆಯ ವಯನಾಡಿನಲ್ಲಿ ಊರುಗಳೇ ಕೊಚ್ಚಿಹೋದವು. ಇವುಗಳ ಬಳಿಕ ಘಟ್ಟದ ಊರುಗಳಲ್ಲಿ ಒಂದು ಮಾತು ಸಹಜವಾಗಿಯೇ ಕೇಳಿಬರುತ್ತದೆ: ‘ಹಳ್ಳದ ಮೇಲ್ಭಾಗದಲ್ಲಿ ಒಂದಿಷ್ಟು ಸಂವೇದಕಗಳನ್ನು ಇಟ್ಟು, ಊರಿನಲ್ಲೊಂದು ಸೈರನ್ ಕಟ್ಟಿದರೆ ಆಗದೆ?’

ಆಗುತ್ತದೆ. ಆದರೆ ಮೊದಲೇ ಒಂದು ಮಿತಿಯನ್ನು ಹೇಳಿಬಿಡುತ್ತೇನೆ. ಹಳ್ಳದ ನೀರು ಏರಿದೆ, ತಂತಿ ಹರಿದಿದೆ, ಕಂಬ ವಾಲಿದೆ ಎಂಬ ಸುದ್ದಿಯನ್ನಷ್ಟೇ ಇಂತಹ ವ್ಯವಸ್ಥೆ ಕೆಳಗೆ ಮುಟ್ಟಿಸಬಲ್ಲದು. ಗುಡ್ಡ ಯಾವಾಗ ಕುಸಿಯುತ್ತದೆ ಎಂದು ಅದು ಭವಿಷ್ಯ ನುಡಿಯುವುದಿಲ್ಲ. ಮಳೆ ಅಳೆಯುವವರ, ಬಿರುಕು ಗಮನಿಸುವವರ ಕಣ್ಣಿಗೆ ಅದು ಸಹಾಯಕವೇ ಹೊರತು ಪರ್ಯಾಯವಲ್ಲ.

ಸಂವೇದಕ ಯಾವುದು, ಸೈರನ್ ಎಷ್ಟು ದೂರ ಕೇಳಿಸುತ್ತದೆ ಎಂಬುದರ ಬಗ್ಗೆ ಎಲ್ಲರೂ ವಿಚಾರಿಸುತ್ತಾರೆ. ಇವೆರಡರ ನಡುವೆ ಇರುವ ತಂತಿಯ ಬಗ್ಗೆ, ಅದಕ್ಕೆ ಉಣಿಸುವ ಬ್ಯಾಟರಿಯ ಬಗ್ಗೆ ಯಾರೂ ಕೇಳುವುದಿಲ್ಲ. ಬೇಸಗೆಯ ಬಿಸಿಲಿನಲ್ಲಿ ಪರೀಕ್ಷಿಸಿದಾಗ ಚೆನ್ನಾಗಿ ಕೂಗಿದ ಸೈರನ್, ಜುಲೈ ತಿಂಗಳ ನಡುರಾತ್ರಿಯಲ್ಲಿ ಸುಮ್ಮನಿರಬಹುದು. ಅದು ಹೇಗೆ, ಹಾಗಾಗದಂತೆ ಏನು ಮಾಡಬೇಕು ಎಂಬುದಷ್ಟೇ ಇಂದಿನ ನನ್ನ ವಿಷಯ.

ಅಬ್ಬಿಯ ನೀರು, ತಂತಿಯ ವಿದ್ಯುತ್ತು

ಅಬ್ಬಿಯ ನೀರನ್ನು ಮನೆಗೆ ತಂದವರಿಗೆ ಈ ಶಾಸ್ತ್ರವನ್ನು ಹೊಸದಾಗಿ ಕಲಿಸಬೇಕಿಲ್ಲ. ಗುಡ್ಡದ ಮೇಲಿನ ಒರತೆಯಿಂದ ಅರ್ಧ ಇಂಚಿನ ಪೈಪನ್ನು ಬಹುದೂರ ಎಳೆದಿದ್ದೀರಿ ಎಂದುಕೊಳ್ಳಿ. ನಲ್ಲಿ ಮುಚ್ಚಿರುವಾಗ ಕೆಳತುದಿಯಲ್ಲಿ ಒತ್ತಡ ಪೂರ್ತಿ ಇರುತ್ತದೆ, ಬೆರಳಿಟ್ಟರೆ ಚಿಮ್ಮುತ್ತದೆ. ನಲ್ಲಿಯನ್ನು ಪೂರ್ತಿ ತಿರುಗಿಸಿದೊಡನೆ ಆ ಚಿಮ್ಮು ಮಾಯವಾಗಿ ನೀರು ಸಣ್ಣಗೆ ಸುರಿಯುತ್ತದೆ. ಒತ್ತಡ ಎಲ್ಲಿ ಹೋಯಿತು? ಕಿರಿದಾದ ಪೈಪಿನುದ್ದಕ್ಕೂ ನೀರನ್ನು ತಳ್ಳುವುದರಲ್ಲಿಯೇ ಖರ್ಚಾಯಿತು. ದಾರಿಯಲ್ಲಿ ನಾಲ್ಕು ಮನೆಯವರು ನಲ್ಲಿ ತೆರೆದರೆ ಕೊನೆಯ ಮನೆಗೆ ಹನಿ ನೀರೂ ಇಲ್ಲ.

ತಂತಿಯಲ್ಲಿ ನಡೆಯುವುದೂ ಇದೇ. ಒತ್ತಡದ ಸ್ಥಾನದಲ್ಲಿ ವೋಲ್ಟೇಜ್, ಹರಿವಿನ ಸ್ಥಾನದಲ್ಲಿ ಆಂಪಿಯರ್, ಪೈಪಿನ ಕಿರಿದಿನ ಸ್ಥಾನದಲ್ಲಿ ತಂತಿಯ ರೋಧ. ಜರ್ಮನಿಯ ಗಿಯಾರ್ಗ್ ಸೈಮನ್ ಓಮ್ 1827ರಲ್ಲಿ ಪ್ರಕಟಿಸಿದ ನಿಯಮ ಇದನ್ನು ಒಂದೇ ಗುಣಾಕಾರದಲ್ಲಿ ಹೇಳುತ್ತದೆ: ಹರಿಯುವ ಆಂಪಿಯರನ್ನು ತಂತಿಯ ಓಮಿನಿಂದ ಗುಣಿಸಿದರೆ, ದಾರಿಯಲ್ಲಿ ಕಳೆದುಹೋಗುವ ವೋಲ್ಟ್ ಎಷ್ಟೆಂದು ಸಿಗುತ್ತದೆ. ಲೈನಿನ ಕೊನೆಯ ಮನೆಯಲ್ಲಿ ಸಂಜೆ ಏಳಕ್ಕೆ ಬಲ್ಬು ಕೆಂಪಗೆ ಮಿಣುಕುತ್ತಿದ್ದುದನ್ನು ಕಂಡವರು ಈ ನಿಯಮವನ್ನು ಕಣ್ಣಾರೆ ಕಂಡವರೇ.

ಇಲ್ಲಿ ಎರಡು ವಿಷಯಗಳನ್ನು ಮರೆಯಬಾರದು. ಮೊದಲನೆಯದು, ವಿದ್ಯುತ್ತು ಹೋಗುವುದಷ್ಟೇ ಅಲ್ಲ, ಹಿಂದಿರುಗಿ ಬರಲೂ ಬೇಕು. 300 ಮೀಟರ್ ದೂರಕ್ಕೆ 600 ಮೀಟರ್ ತಂತಿಯ ಲೆಕ್ಕ. ಎರಡನೆಯದು, ಹರಿವು ಇಲ್ಲದಿದ್ದರೆ ಕುಸಿತವೂ ಇಲ್ಲ. ಆದ್ದರಿಂದ ಸಂವೇದಕವನ್ನು ಕಳಚಿಟ್ಟು ಬರಿಯ ತಂತಿಯ ತುದಿಗೆ ಮೀಟರ್ ಹಿಡಿದರೆ ಅದು 12 ವೋಲ್ಟ್ ಎಂದೇ ತೋರಿಸುತ್ತದೆ. ಅದು ಮುಚ್ಚಿದ ನಲ್ಲಿಯ ಒತ್ತಡ. ಅದನ್ನು ನಂಬಿ ಕೂರಬಾರದು.

ಐದು ಸಂವೇದಕಗಳ ಒಂದು ಲೆಕ್ಕ

ವಿದ್ಯಾರ್ಥಿಗಳು ಇದನ್ನು ಬರೆದುಕೊಳ್ಳಬೇಕು. ಅಲಾರಂ ವ್ಯವಸ್ಥೆಗಳಿಗೆಂದು ಅಂಗಡಿಯಲ್ಲಿ ಸಿಗುವ ತೆಳುವಾದ ತಾಮ್ರದ ತಂತಿಯ ಅಡ್ಡಕೊಯ್ತ ಸಾಮಾನ್ಯವಾಗಿ 0.22 ಚದರ ಮಿಲಿಮೀಟರ್. ಅದರ ಒಂದು ಎಳೆಗೆ 100 ಮೀಟರಿಗೆ ಸುಮಾರು 8 ಓಮ್ ರೋಧ. ಊರಿನ ಶಾಲೆಯಲ್ಲಿ ನಿಯಂತ್ರಣ ಪೆಟ್ಟಿಗೆ ಹಾಗೂ ಬ್ಯಾಟರಿ ಇವೆ. ಅಲ್ಲಿಂದ ಹಳ್ಳದ ಬದಿಯಲ್ಲೇ 300 ಮೀಟರ್ ಮೇಲಕ್ಕೆ ತಂತಿ ಎಳೆದು, ಪ್ರತಿ 60 ಮೀಟರಿಗೆ ಒಂದರಂತೆ ಐದು ಸಂವೇದಕಗಳನ್ನು ಕೂಡಿಸಿದ್ದೇವೆ. ಪ್ರತಿಯೊಂದೂ 20 ಮಿಲಿ ಆಂಪಿಯರ್ ಉಣ್ಣುತ್ತದೆ. ಇಂತಹ ಅನೇಕ ಸಂವೇದಕಗಳ ಮೇಲೆ ‘9ರಿಂದ 16 ವೋಲ್ಟ್’ ಎಂದು ಬರೆದಿರುತ್ತದೆ. ನಮ್ಮವೂ ಹಾಗೆಯೇ ಇವೆ ಎಂದುಕೊಳ್ಳೋಣ.

ಪ್ರತಿ 60 ಮೀಟರ್ ತುಂಡಿಗೆ ಹೋಗಿಬರುವ ರೋಧ 9.6 ಓಮ್. ಮೊದಲ ತುಂಡಿನಲ್ಲಿ ಐದೂ ಸಂವೇದಕಗಳ 100 ಮಿಲಿ ಆಂಪಿಯರ್ ಹರಿಯುತ್ತದೆ. ಮುಂದಿನ ತುಂಡುಗಳಲ್ಲಿ ಕ್ರಮವಾಗಿ 80, 60, 40, 20. ಇವೆಲ್ಲ ಕೂಡಿದರೆ 300 ಮಿಲಿ ಆಂಪಿಯರ್. 9.6ರಿಂದ ಗುಣಿಸಿದರೆ ಕೊನೆಯ ಸಂವೇದಕದ ಬಳಿ ಒಟ್ಟು ಕುಸಿತ 2.88 ವೋಲ್ಟ್.

ಈಗ ಮೂರು ದಿನಗಳನ್ನು ನೋಡೋಣ. ಕರೆಂಟ್ ಇರುವ ದಿನ ಚಾರ್ಜರ್ 13.7 ವೋಲ್ಟ್ ಕೊಡುತ್ತಿರುತ್ತದೆ. ಕೊನೆಯ ಸಂವೇದಕಕ್ಕೆ 10.8 ವೋಲ್ಟ್ ಮುಟ್ಟುತ್ತದೆ. ಯಾವ ತೊಂದರೆಯೂ ಇಲ್ಲ. ಉದ್ಘಾಟನೆ ನಡೆಯುವುದು ಇಂತಹ ದಿನ. ಕರೆಂಟ್ ಹೋಗಿ ಬ್ಯಾಟರಿ 12 ವೋಲ್ಟಿಗೆ ಇಳಿದ ದಿನ ಅಲ್ಲಿಗೆ ಮುಟ್ಟುವುದು 9.1. ಕೂದಲೆಳೆಯ ಅಂತರದಲ್ಲಿ ಅದು ಬದುಕಿದೆ. ಬ್ಯಾಟರಿ 11.5ಕ್ಕೆ ಇಳಿದ ದಿನ ಮುಟ್ಟುವುದು 8.6. ಬ್ಯಾಟರಿಯಲ್ಲಿ ಇನ್ನೂ ಶಕ್ತಿ ಉಳಿದಿದೆ, ಪೆಟ್ಟಿಗೆಯ ಹಸಿರು ದೀಪ ಉರಿಯುತ್ತಿದೆ, ಕೆಳಗಿನ ಸಂವೇದಕಗಳು ಕೆಲಸ ಮಾಡುತ್ತಿವೆ. ಆದರೆ ಕೊನೆಯದನ್ನು ಇನ್ನು ನಂಬುವಂತಿಲ್ಲ.

ಕೊನೆಯದು ಎಂದರೆ ಯಾವುದು? ಎಲ್ಲಕ್ಕಿಂತ ಮೇಲಿನದು. ನೀರು, ಕೆಸರು, ಬಂಡೆ ಮೊದಲು ತಲುಪುವ ಸ್ಥಳದ್ದು. ನಮಗೆ ಅತಿ ಹೆಚ್ಚು ಸಮಯ ಕೊಡಬೇಕಾದ ಸಂವೇದಕವೇ ಎಲ್ಲಕ್ಕಿಂತ ಮೊದಲು ಕಣ್ಣು ಮುಚ್ಚುತ್ತದೆ. ಅದೂ ಮಳೆ ಹಿಡಿದು, ಮರ ಬಿದ್ದು, ಕರೆಂಟ್ ಹೋದ ನಂತರದ ದಿನಗಳಲ್ಲಿ. ಇದು ದುರದೃಷ್ಟವಲ್ಲ, ಲೆಕ್ಕ ಮಾಡದೆ ಎಳೆದ ತಂತಿಯ ಸಹಜ ನಡವಳಿಕೆ.

ವೋಲ್ಟೇಜ್ ಸಾಲದ ಸಂವೇದಕ ಯಾವಾಗಲೂ ಮೌನವಾಗಿಯೇ ಇರುತ್ತದೆ ಎಂದೂ ಇಲ್ಲ. ಕೆಲವೊಮ್ಮೆ ಅದು ಕಾರಣವಿಲ್ಲದೆ ಸೂಚನೆ ಕಳಿಸುತ್ತದೆ. ಎರಡು ರಾತ್ರಿ ವೃಥಾ ಕೂಗಿದ ಸೈರನ್ನಿನ ತಂತಿಯನ್ನು ಮೂರನೆಯ ರಾತ್ರಿ ಯಾರೋ ಕಿತ್ತಿಡುತ್ತಾರೆ. ‘ತೋಳ ಬಂತು ತೋಳ’ ಎಂಬ ಕತೆಯಲ್ಲಿ ಹುಡುಗನ ತಪ್ಪಿತ್ತು. ಇಲ್ಲಿ ತಪ್ಪು ತಂತಿಯದ್ದು, ಪರಿಣಾಮ ಒಂದೇ.

ಸೈರನ್ನನ್ನು ಎಲ್ಲಿಡಬೇಕು?

ಸಂವೇದಕ ಹನಿಹನಿಯಾಗಿ ಉಣ್ಣುತ್ತದೆ, ಸೈರನ್ ಗುಟುಕಿಗೇ ಕುಡಿಯುತ್ತದೆ. 12 ವೋಲ್ಟಿನಲ್ಲಿ ಅರ್ಧ ಆಂಪಿಯರ್ ಎಳೆಯುವ ಸೈರನ್ನನ್ನು ಶಾಲೆಯಿಂದ 300 ಮೀಟರ್ ದೂರದ ಕೇರಿಗೆ ಅದೇ ತೆಳು ತಂತಿಯಲ್ಲಿ ಜೋಡಿಸಿದರೆ ಏನಾಗುತ್ತದೆ? ತಂತಿಯ ರೋಧ 48 ಓಮ್. ಸೈರನ್ನನ್ನು 24 ಓಮಿನ ಸರಳ ಹೊರೆ ಎಂದು ಭಾವಿಸಿದರೆ, 12 ವೋಲ್ಟಿನಲ್ಲಿ 8 ವೋಲ್ಟ್ ತಂತಿಯಲ್ಲೇ ಕಳೆದು, ಸೈರನ್ನಿಗೆ ಸಿಗುವುದು 4 ಮಾತ್ರ. ಶಕ್ತಿಯ ಲೆಕ್ಕದಲ್ಲಿ ಅದು ಒಂಬತ್ತರಲ್ಲಿ ಒಂದು ಪಾಲು. ಗುಡುಗು ಮಳೆಯ ಸದ್ದಿನಲ್ಲಿ ಅಂತಹ ಕೂಗು ಯಾರಿಗೂ ಕೇಳಿಸದು.

ದಪ್ಪ ತಂತಿ ಹಾಕಬಹುದು. 2.5 ಚದರ ಮಿಲಿಮೀಟರ್ ತಂತಿಯಾದರೆ ಕುಸಿತ ಸುಮಾರು 2 ವೋಲ್ಟಿಗೆ ಇಳಿಯುತ್ತದೆ. ಆದರೆ 600 ಮೀಟರ್ ದಪ್ಪ ತಾಮ್ರದ ಬೆಲೆಯನ್ನು ಊರು ಭರಿಸಬೇಕು. ಅದನ್ನು ಕಳ್ಳರಿಂದ ಕಾಯಬೇಕು. ಇದಕ್ಕಿಂತ ಜಾಣತನದ ದಾರಿಯೊಂದಿದೆ: ಬ್ಯಾಟರಿಯನ್ನು ಸೈರನ್ನಿನ ಬುಡದಲ್ಲಿಯೇ ಇಡಿ, ಉದ್ದದ ತಂತಿಯಲ್ಲಿ ಕೇವಲ ಅಪ್ಪಣೆಯನ್ನು ಕಳಿಸಿ. ಅಪ್ಪಣೆ ಸ್ವೀಕರಿಸಲು ಅಲ್ಲೊಂದು 12 ವೋಲ್ಟಿನ ರಿಲೇ ಸಾಕು. ಅದರ ಸುರುಳಿಯ ರೋಧ 400 ಓಮ್ ಇದ್ದರೆ, 48 ಓಮಿನ ತಂತಿ ದಾಟಿಯೂ ಅದಕ್ಕೆ 10.7 ವೋಲ್ಟ್ ಮುಟ್ಟುತ್ತದೆ. ಬ್ಯಾಟರಿ 11ಕ್ಕೆ ಇಳಿದರೂ 9.8 ಸಿಗುತ್ತದೆ. ರಿಲೇ ಮುಚ್ಚಿಕೊಳ್ಳಲು ಅಷ್ಟು ಸಾಕಾಗುತ್ತದೆ. ಹೊರೆ ಇರುವಲ್ಲಿ ಶಕ್ತಿ, ದೂರಕ್ಕೆ ಸಂದೇಶ ಮಾತ್ರ – ಇದು ನೆನಪಿಡಬೇಕಾದ ಸೂತ್ರ.

ಕುಸಿತವನ್ನು ತಗ್ಗಿಸುವ ದಾರಿಗಳು

ಸಂವೇದಕಗಳ ಸಾಲಿಗೆ ಹಿಂದಿರುಗೋಣ. ಅತಿ ಅಗ್ಗದ ಉಪಾಯವೆಂದರೆ ಕೇಬಲಿನಲ್ಲಿ ಖಾಲಿ ಉಳಿದ ಎಳೆಗಳನ್ನು ಬಳಸುವುದು. ಆರು ಎಳೆಯ ಕೇಬಲಿನಲ್ಲಿ ಎರಡು ಎಳೆ ಉಳಿದಿದ್ದರೆ, ಒಂದನ್ನು ಧನ ತಂತಿಯ ಜೊತೆ, ಇನ್ನೊಂದನ್ನು ಋಣ ತಂತಿಯ ಜೊತೆ ಎರಡೂ ತುದಿಗಳಲ್ಲಿ ಕೂಡಿಸಿ. ರೋಧ ಅರ್ಧವಾಗುತ್ತದೆ, ನಮ್ಮ 2.88 ವೋಲ್ಟಿನ ಕುಸಿತ 1.44ಕ್ಕೆ ಇಳಿಯುತ್ತದೆ. ಇದರ ಅರ್ಥವನ್ನು ಗಮನಿಸಿ. ಮೊದಲು ಬ್ಯಾಟರಿ 11.9ಕ್ಕೆ ಇಳಿದೊಡನೆ ಮೇಲಿನ ಸಂವೇದಕ ಕೈಕೊಡುತ್ತಿತ್ತು. ಈಗ 10.5 ವೋಲ್ಟಿನವರೆಗೂ, ಅಂದರೆ ಸೀಸ-ಆಮ್ಲದ ಬ್ಯಾಟರಿಯನ್ನು ಪೂರ್ತಿ ಖಾಲಿಯೆಂದು ಪರಿಗಣಿಸುವವರೆಗೂ, ಅದು ಎಚ್ಚರವಾಗಿರುತ್ತದೆ. ಎರಡು ಎಳೆ ಕೂಡಿಸಿದ್ದಕ್ಕೆ ಬ್ಯಾಟರಿಯೇ ದೊಡ್ಡದಾದಂತಾಯಿತು.

ಎರಡನೆಯದು, ಹರಿವನ್ನೇ ಕಡಿಮೆ ಮಾಡುವುದು. ನೀರಿನ ಮಟ್ಟ ತಿಳಿಸುವ ತೇಲು ಸ್ವಿಚ್ಚಿಗೆ ತನ್ನದೇ ಆದ ವಿದ್ಯುತ್ ಬೇಕಿಲ್ಲ. ಅದು ಸಂಪರ್ಕವನ್ನು ಬಿಡಿಸುತ್ತದೆ ಅಥವಾ ಕೂಡಿಸುತ್ತದೆ, ಅಷ್ಟೆ. ಎಲ್ಲಿ ಸರಳ ಸ್ವಿಚ್ಚು ಸಾಕೋ ಅಲ್ಲಿ ಎಲೆಕ್ಟ್ರಾನಿಕ್ ಕಣ್ಣು ಬೇಡ.

ಮೂರನೆಯದು, ವೋಲ್ಟೇಜ್ ಏರಿಸಿ ಕಳಿಸುವುದು. 1902ರಲ್ಲಿ ಶಿವನಸಮುದ್ರದಿಂದ ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತನ್ನು ಅಧಿಕ ವೋಲ್ಟೇಜಿನಲ್ಲಿ ಒಯ್ದದ್ದು ಇದೇ ಕಾರಣಕ್ಕೆ. ಶರಾವತಿಯ ವಿದ್ಯುತ್ತು ನಮ್ಮ ತಲೆಯ ಮೇಲೆ ಹೈಟೆನ್ಷನ್ ತಂತಿಗಳಲ್ಲಿ ಸಾಗುವುದೂ ಇದೇ ಕಾರಣಕ್ಕೆ. ಸಣ್ಣ ಪ್ರಮಾಣದಲ್ಲಿ ನಾವೂ ಎರಡು ಬ್ಯಾಟರಿಗಳನ್ನು ಸರಣಿಯಲ್ಲಿ ಜೋಡಿಸಿ 24 ವೋಲ್ಟ್ ಕಳಿಸಿ, ಪ್ರತಿ ಸಂವೇದಕದ ಬಳಿ ಪುಟ್ಟ ಪರಿವರ್ತಕದಿಂದ 12ಕ್ಕೆ ಇಳಿಸಿಕೊಳ್ಳಬಹುದು. ಹರಿವು ಸುಮಾರು ಅರ್ಧವಾಗುತ್ತದೆ, ಕುಸಿತವೂ ಅರ್ಧ. ಹಳೆಯ ಸ್ಥಿರ ದೂರವಾಣಿಯನ್ನು ನೆನಪಿಸಿಕೊಳ್ಳಿ. ಊರಿಗೆಲ್ಲ ಕರೆಂಟ್ ಹೋದರೂ ಫೋನು ಮಾತ್ರ ನಡೆಯುತ್ತಿತ್ತು. ವಿನಿಮಯ ಕೇಂದ್ರದಲ್ಲಿದ್ದ 48 ವೋಲ್ಟಿನ ಬ್ಯಾಟರಿಗಳು ತೆಳು ತಂತಿಯಲ್ಲಿ ಕಿಲೋಮೀಟರುಗಟ್ಟಲೆ ದೂರಕ್ಕೆ ಉಣಿಸುತ್ತಿದ್ದವು. ಆದರೆ ಮನೆಗೆ ಬರುವ 230 ವೋಲ್ಟನ್ನು ಹಳ್ಳದ ಬದಿಯ ತಂತಿಗೆ ಕೊಡುವ ಯೋಚನೆಯನ್ನೇ ಮಾಡಬಾರದು; ಅದು ಜೀವ ತೆಗೆಯುತ್ತದೆ.

ಅಗ್ಗದ ತಂತಿಯ ಬಗ್ಗೆಯೂ ಎಚ್ಚರಿಕೆ ಅಗತ್ಯ. ಮೇಲೆ ತಾಮ್ರದ ಲೇಪವಿದ್ದು ಒಳಗೆ ಅಲ್ಯುಮಿನಿಯಂ ಇರುವ ತಂತಿಗೆ ಅಷ್ಟೇ ದಪ್ಪದ ತಾಮ್ರಕ್ಕಿಂತ ಒಂದೂವರೆ ಪಟ್ಟಿಗೂ ಹೆಚ್ಚು ರೋಧವಿದೆ. ಬೇಲಿಯ ಕಬ್ಬಿಣದ ತಂತಿಗೆ ಅದು ಆರು ಪಟ್ಟಿಗಿಂತಲೂ ಅಧಿಕ. ಬರಿಗೈಯಲ್ಲಿ ಹೊಸೆದು ಟೇಪು ಸುತ್ತಿದ ಗಂಟು ನಮ್ಮ ಮಳೆಯಲ್ಲಿ ಒಂದು ವರ್ಷವೂ ಬಾಳದು. ಹಸಿರು ಕಿಲುಬು ಹಿಡಿದ ಒಂದೇ ಗಂಟು ಬಹುದೂರದ ತಂತಿಗೆ ಸಮನಾದ ರೋಧ ಒಡ್ಡಬಲ್ಲದು. ಗಂಟುಗಳು ಆದಷ್ಟು ಕಡಿಮೆ ಇರಲಿ, ಇರುವವು ಬೆಸುಗೆ ಹಾಕಿ ಜಲರೋಧಕ ಪೆಟ್ಟಿಗೆಯಲ್ಲಿರಲಿ. ಆನೆ ತಡೆಯುವ ವಿದ್ಯುತ್ ಬೇಲಿಯ ಪಕ್ಕದಲ್ಲಿ ಈ ತಂತಿಯನ್ನು ಎಳೆಯಬೇಡಿ; ಬೇಲಿಯ ಮಿಡಿತಗಳು ಸುಳ್ಳು ಸೂಚನೆ ಹುಟ್ಟಿಸುತ್ತವೆ. ಉದ್ದ ತಂತಿ ಸಿಡಿಲಿನ ಆಘಾತವನ್ನೂ ಹೊತ್ತು ತರುತ್ತದೆ. ಎರಡೂ ತುದಿಗಳಲ್ಲಿ ಸಿಡಿಲು ತಡೆ ಮತ್ತು ಸರಿಯಾದ ಅರ್ಥಿಂಗ್ ಇರಬೇಕು. ಏಪ್ರಿಲ್-ಮೇ ತಿಂಗಳ ಗುಡುಗು ಮಳೆ ಮುಗಿದ ಮೇಲೆ ಒಮ್ಮೆ ಎಲ್ಲವನ್ನೂ ಪರೀಕ್ಷಿಸಬೇಕು.

ಬ್ಯಾಟರಿ ಎಷ್ಟು ದೊಡ್ಡದಿರಬೇಕು?

ಐದು ಸಂವೇದಕಗಳಿಗೆ 100 ಮಿಲಿ ಆಂಪಿಯರ್, ನಿಯಂತ್ರಣ ಪೆಟ್ಟಿಗೆಗೆ 100, ಒಟ್ಟು 0.2 ಆಂಪಿಯರ್. ದಿನಕ್ಕೆ 4.8 ಆಂಪಿಯರ್-ಗಂಟೆ. ಅಂಗಡಿಯವರು ಸಾಮಾನ್ಯವಾಗಿ ಕೊಡುವ 7 ಆಂಪಿಯರ್-ಗಂಟೆಯ ಪುಟ್ಟ ಬ್ಯಾಟರಿ ಕಾಗದದ ಮೇಲೆ 35 ಗಂಟೆ ಬರುತ್ತದೆ. ಹಳತಾದ ಬ್ಯಾಟರಿ ಒಂದು ದಿನ ಬಂದರೆ ಹೆಚ್ಚು. ಪಟ್ಟಣದ ಅಂಗಡಿಯ ಕಳ್ಳಗಂಟೆಗೆ ಅಷ್ಟು ಸಾಕು. ಆದರೆ ಮಳೆಗಾಲದಲ್ಲಿ ಲೈನಿನ ಮೇಲೆ ಮರ ಬಿದ್ದರೆ ನಮ್ಮಲ್ಲಿ ಕರೆಂಟ್ ಎಷ್ಟು ದಿನಕ್ಕೆ ಬರುತ್ತದೆ ಎಂಬುದು ನಿಮಗೇ ಗೊತ್ತು. ಐದು ದಿನದ ಲೆಕ್ಕ ಹಿಡಿದರೆ 24 ಆಂಪಿಯರ್-ಗಂಟೆ ಬೇಕು. ಬ್ಯಾಟರಿಯನ್ನು ಅರ್ಧಕ್ಕಿಂತ ಹೆಚ್ಚು ಬಳಸದಿದ್ದರೆ ಅದರ ಆಯುಷ್ಯ ಉಳಿಯುತ್ತದೆ. ಆದ್ದರಿಂದ 48ರ ಸುಮಾರಿನದು ಸೂಕ್ತ. ಸೈರನ್ನಿಗೆ ಪ್ರತ್ಯೇಕ ಬ್ಯಾಟರಿ ಇರುವುದರಿಂದ ಅದನ್ನು ಇಲ್ಲಿ ಸೇರಿಸಿಲ್ಲ.

ಸೌರ ಫಲಕ ಇದೆಯಲ್ಲ ಎನ್ನುತ್ತೀರಿ. ಇರಲಿ, ಆದರೆ ಅದರ ಗಾತ್ರವನ್ನು ಏಪ್ರಿಲ್ ಬಿಸಿಲಿಗಲ್ಲ, ಜುಲೈ ಮೋಡಕ್ಕೆ ತಕ್ಕಂತೆ ಆರಿಸಬೇಕು. ವರ್ಷಕ್ಕೆ 7000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಆಗುಂಬೆಯಂತಹ ಕಡೆ, ವ್ಯವಸ್ಥೆ ಅತಿ ಹೆಚ್ಚು ಬೇಕಾದ ತಿಂಗಳಲ್ಲಿಯೇ ಫಲಕ ಅತಿ ಕಡಿಮೆ ಕೊಡುತ್ತದೆ. ತಂತಿಯಿಲ್ಲದ ರೇಡಿಯೊ ಸಂವೇದಕಗಳನ್ನು ಹಾಕಿದರೂ ಈ ಲೆಕ್ಕದಿಂದ ಬಿಡುಗಡೆಯಿಲ್ಲ. ಅಲ್ಲಿ ಪ್ರತಿ ಕಂಬದ ಮೇಲೂ ಒಂದು ಬ್ಯಾಟರಿಯನ್ನು ಕಾಯಬೇಕಾಗುತ್ತದೆ.

ಮೌನ ಎಂದರೆ ಕ್ಷೇಮವಲ್ಲ

ಇಷ್ಟೆಲ್ಲ ಮಾಡಿದರೂ ಒಂದು ದಿನ ತಂತಿ ತುಂಡಾಗುತ್ತದೆ, ಬ್ಯಾಟರಿ ಸಾಯುತ್ತದೆ. ಆಗ ವ್ಯವಸ್ಥೆ ಏನು ಮಾಡಬೇಕು? ಸ್ಕಾಟ್ಲೆಂಡಿನ ಪಾಸ್ ಆಫ್ ಬ್ರ್ಯಾಂಡರ್ ಎಂಬ ಕಣಿವೆಯ ರೈಲುಮಾರ್ಗದಲ್ಲಿ 1880ರ ದಶಕದಲ್ಲಿಯೇ ಇದಕ್ಕೆ ಉತ್ತರ ಕಂಡುಕೊಂಡಿದ್ದರು. ಗುಡ್ಡದ ಬದಿಗೆ ಬಿಗಿಯಾದ ತಂತಿಗಳ ಬೇಲಿ ಕಟ್ಟಿದರು. ಬಂಡೆ ಉರುಳಿ ಯಾವುದಾದರೂ ತಂತಿ ಹರಿದರೆ, ಅದು ಹಿಡಿದಿಟ್ಟಿದ್ದ ಸಿಗ್ನಲ್ ತಾನಾಗಿಯೇ ಅಪಾಯದ ಸ್ಥಾನಕ್ಕೆ ಬರುತ್ತಿತ್ತು. ಗಾಳಿಗೆ ಗುಂಯ್‌ಗುಡುತ್ತಿದ್ದ ಆ ತಂತಿಗಳಿಗೆ ಜನ ‘ಆಂಡರ್ಸನ್ನನ ಪಿಯಾನೊ’ ಎಂದು ಹೆಸರಿಟ್ಟರು. ಅಲ್ಲಿ ‘ಸುರಕ್ಷಿತ’ ಎನ್ನಲು ತಂತಿ ಗಟ್ಟಿಯಾಗಿರಬೇಕಿತ್ತು. ‘ಅಪಾಯ’ ಎನ್ನಲು ಏನೂ ಬೇಕಿರಲಿಲ್ಲ. ಹಾಗೆಂದು ಅದೂ ಸರ್ವರಕ್ಷಕವಲ್ಲ. 2010ರ ಜೂನ್‌ನಲ್ಲಿ ಬೇಲಿ ಮತ್ತು ಹಳಿಗಳ ನಡುವಿನ ಜಾಗದಿಂದಲೇ ಬಂಡೆ ಉರುಳಿ ಅಲ್ಲಿ ರೈಲು ಹಳಿ ತಪ್ಪಿತು. ಸಂವೇದಕ ಇಲ್ಲದ ಜಾಗವನ್ನು ಕಣ್ಣೇ ಕಾಯಬೇಕು.

ನಮ್ಮ ತಂತಿಗಳೂ ಇದೇ ನೀತಿಯನ್ನು ಅನುಸರಿಸಬೇಕು. ಸಾಮಾನ್ಯ ಸ್ಥಿತಿಯಲ್ಲಿ ಮಂಡಲ ಮುಚ್ಚಿದ್ದು ಸಣ್ಣ ಪ್ರವಾಹ ಹರಿಯುತ್ತಿರಲಿ. ಅದು ನಿಂತರೆ ಗಂಟೆ ಬಾರಿಸಲಿ. ಮಂಡಲದ ಕೊನೆಯಲ್ಲಿ ಒಂದು ರೋಧಕವನ್ನು ಕೂಡಿಸಿದರೆ, ತಂತಿ ತುಂಡಾದರೂ ಗೊತ್ತಾಗುತ್ತದೆ, ಎರಡು ಎಳೆಗಳು ಒಂದಕ್ಕೊಂದು ತಾಗಿದರೂ ಗೊತ್ತಾಗುತ್ತದೆ. ಬ್ಯಾಟರಿ ಇಳಿದಾಗ ಸೈರನ್ನಿಗಿಂತ ಬೇರೆಯಾದ ಸಣ್ಣ ಸದ್ದೊಂದು ಪೆಟ್ಟಿಗೆಯಿಂದ ಬರಲಿ. ಇಲ್ಲದಿದ್ದರೆ ಮೌನವನ್ನು ನಾವು ಕ್ಷೇಮವೆಂದು ತಿಳಿದು ಮಲಗುತ್ತೇವೆ.

ಶಾಲೆಗೊಂದು ಕೆಲಸ

ವಿದ್ಯಾರ್ಥಿ ಮಿತ್ರರೆ, ಇದನ್ನು ನಿಮ್ಮ ಕೈಗೆ ಒಪ್ಪಿಸಲು ಬಯಸುತ್ತೇನೆ. ಕೆಲವು ನೂರು ರೂಪಾಯಿಯ ಒಂದು ಮಲ್ಟಿಮೀಟರ್, ಒಂದು ನೋಟ್‌ಪುಸ್ತಕ, ಇಷ್ಟಿದ್ದರೆ ಸಾಕು. ಮೇ ತಿಂಗಳ ಕೊನೆಯಲ್ಲಿ ಹಿರಿಯರೊಡನೆ ಹೋಗಿ ಚಾರ್ಜರನ್ನೂ ಸೌರ ಫಲಕವನ್ನೂ ಕಳಚಿಡಿ. ಎರಡು ದಿನ ವ್ಯವಸ್ಥೆ ಬ್ಯಾಟರಿಯಲ್ಲಿಯೇ ನಡೆಯಲಿ. ಮೂರನೆಯ ದಿನ ಎಲ್ಲ ಸಂವೇದಕಗಳೂ ಜೋಡಿಸಿದ್ದಂತೆಯೇ ಅತಿ ಮೇಲಿನ ಸಂವೇದಕದ ಎರಡು ತಿರುಪುಗಳ ನಡುವೆ ವೋಲ್ಟೇಜ್ ಅಳೆಯಿರಿ. ಅದು ಸಂವೇದಕದ ಮೇಲೆ ಬರೆದ ಕನಿಷ್ಠಕ್ಕಿಂತ ಕನಿಷ್ಠ 1 ವೋಲ್ಟ್ ಮೇಲಿರಬೇಕು. ಆಮೇಲೆ ಆ ಸಂವೇದಕವನ್ನೇ ಕೆಣಕಿ, ಊರಿನ ಕೊನೆಯ ಮನೆಯಲ್ಲಿ ನಿಂತವರಿಗೆ ಸೈರನ್ ಕೇಳಿಸಿತೇ ಎಂದು ಕೇಳಿ. ದಿನಾಂಕದೊಡನೆ ಅಂಕಿಗಳನ್ನು ಬರೆದಿಡಿ. ಮುಂದಿನ ತಿಂಗಳು ಅದೇ ಜಾಗದಲ್ಲಿ ಅಂಕಿ ಕಡಿಮೆಯಾಗಿದ್ದರೆ, ಎಲ್ಲೋ ಒಂದು ಗಂಟು ಕಿಲುಬು ಹಿಡಿಯುತ್ತಿದೆ ಅಥವಾ ಬ್ಯಾಟರಿ ಮುದಿಯಾಗುತ್ತಿದೆ ಎಂದು ಅರ್ಥ.

ಹಿರಿಯರಲ್ಲಿ ನನ್ನ ವಿನಂತಿಯೂ ಒಂದಿದೆ. ಯಾರಾದರೂ ನಿಮ್ಮ ಊರಿಗೆ ಇಂತಹ ವ್ಯವಸ್ಥೆ ತಂದು ಕೂಡಿಸುವುದಾದರೆ, ಅದರ ಬೆಲೆ ಕೇಳುವ ಮುನ್ನ ಮೂರು ಪ್ರಶ್ನೆ ಕೇಳಿ: ಕೊನೆಯ ಸಂವೇದಕಕ್ಕೆ ಎಷ್ಟು ವೋಲ್ಟ್ ಮುಟ್ಟುತ್ತದೆ? ಕರೆಂಟಿಲ್ಲದೆ ಎಷ್ಟು ದಿನ ನಡೆಯುತ್ತದೆ? ತಂತಿ ತುಂಡಾದರೆ ನಮಗೆ ಹೇಗೆ ಗೊತ್ತಾಗುತ್ತದೆ? ಮೂರಕ್ಕೂ ಅಂಕಿಸಹಿತ ಉತ್ತರ ಸಿಗುವವರೆಗೆ ಸಹಿ ಹಾಕಬೇಡಿ. ಉತ್ತರ ಸಿಕ್ಕಿ ವ್ಯವಸ್ಥೆ ಕೂತ ಮೇಲೂ ದೇವಸ್ಥಾನದ ಜಾಗಟೆಯನ್ನು, ಮಳೆ ಅಳೆಯುವ ಪಾತ್ರೆಯನ್ನು, ರಾತ್ರಿ ಸರದಿಯಂತೆ ಎಚ್ಚರವಿರುವ ಪದ್ಧತಿಯನ್ನು ಕೈಬಿಡಬೇಡಿ. ಈ ಬಾರಿಯ ಮಳೆಗೆ ಇನ್ನು ಕೆಲವೇ ವಾರಗಳಿವೆ. ಅಳತೆಯ ಕೆಲಸವನ್ನು ಈ ಭಾನುವಾರವೇ ಆರಂಭಿಸೋಣ.